ಮೊಳೆಗೆ ತೂಗಿದ ರೊಟ್ಟಿ

ಸಮರ್ಕಂದ್ ನಿಲ್ದಾಣದಲ್ಲಿ ಮಾಸ್ಕೋ ರೈಲು ಹತ್ತುವವರ ಸಾಲು. ನನ್ನ ಮುಂದೆ ಕೆಲಸಕ್ಕೆ ಹೊರಟ ಗಂಡ, ಕಳಿಸಲು ಬಂದ ಹೆಂಡತಿ, ಬೆಳಗಿನ ಮಂಪರಿನಲ್ಲಿದ್ದಂತೆ ಮೆಲ್ಲಗೆ ಮಾತಾಡುತ್ತಿದ್ದರು.

“ರೀ, ಹೋದ್ಸಲ ಹೊರಡೋವಾಗ ನೀವು ಕಚ್ಚಿಟ್ಟ ರೊಟ್ಟಿ ಇನ್ನೂ ಗೋಡೇಲೇ ತೂಗ್ತಿದೆ.” ದೂರ ಹೊರಡುವವರು ರೊಟ್ಟಿಯನ್ನು ಒಮ್ಮೆ ಕಚ್ಚಿ ಹೋಗುವುದು, ಉಳಿದದ್ದನ್ನು ಅವರು ಮರಳಿ ಬಂದು ತಿನ್ನುವವರೆಗೆ ಗೋಡೆಯ ಮೊಳೆಗೆ ತೂಗಿಡುವುದು ಅಲ್ಲಿನ ವಾಡಿಕೆ.

“ಅಯ್ಯೋ! ಬಂದ ದಿನಾನೇ ತಿಂದು ಮುಗಿಸಬೇಕಿತ್ತಲ್ಲೇ. ನೆನಪು ಮಾಡೋದಲ್ವಾ, ಜುಲ್ಹುಮೋರ್?”

“ಬೇಕಂತಲೇ ಮಾಡಲಿಲ್ಲ. ಅದು ಮುಗಿದ್ರೆ ತಾನೇ ಹೊಸದನ್ನ ಕಚ್ಚಿ ಹೊರಡೋದು?”

ಅವನು ನಕ್ಕ. “ಹುಚ್ಚಿ! ಹಾಗಾದ್ರೆ ಆ ರೊಟ್ಟಿ ಪಾಲಿಗೆ ನಾನಿನ್ನೂ ಬಂದೇ ಇಲ್ಲ.”

“ನನ್ನ ಪಾಲಿಗೂ ಅಷ್ಟೇ. ನೀವು ಮನೇಲಿದ್ದ ಹನ್ನೆರಡು ದಿನಾನೂ ಕನಸಲ್ಲಿ ಓಡಾಡಿದ ಹಾಗಿತ್ತು.”

“ಮಗಳಿಗೆ?”

“ನಿನ್ನೆ ಕೇಳಿದ್ಲು, ಅಪ್ಪನ ರೊಟ್ಟಿ ಇನ್ನೂ ಅಲ್ಲೇ ಇದೆಯಲ್ಲಮ್ಮಾ, ಮತ್ತೆ ಈ ಮಾಮ ಯಾರು ಅಂತ.”

ಸಾಲು ಮುಂದೆ ಸರಿಯಿತು; ಅವನು ಚೀಲ ಎತ್ತಿಕೊಂಡ.