ಲೆಂಪಿಯ ತಪ್ಪಲೆ ಸದ್ದು

ಆ ನವೆಂಬರಿನಲ್ಲಿ ನಮ್ಮೂರಿಗೆ ದೊಡ್ಡ ಆಘಾತ ಕಾದಿತ್ತು. ಜಿಂಕೆ ಬೇಟೆ ಶುರುವಾಗಲು ಎರಡೇ ದಿನ ಇರುವಾಗ ತೈಮಿಯ ಅಂಗಡಿಯಲ್ಲಿ ಜಿಂಕೆಗಳಿಗೆ ನೆಕ್ಕಲು ಇಡುವ ಸೇಬಿನ ವಾಸನೆಯ ಉಪ್ಪಿನ ಗಟ್ಟಿ ಮುಗಿದುಹೋಯಿತು. ಚರ್ಚಿನ ಮೆಟ್ಟಿಲ ಮೇಲೆ ಜನ ಸಾವಿನ ಸುದ್ದಿಯಂತೆ ತಗ್ಗಿದ ದನಿಯಲ್ಲಿ ಅದನ್ನೇ ಮಾತಾಡಿಕೊಂಡರು. ಬರೀ ಬಿಳಿ ಉಪ್ಪು ಸಾಕು ಎನ್ನುವವರು ಒಂದು ಪಂಗಡ, ಖನಿಜ ಬೆರೆಸಿದ ಕೆಂಪು ಗಟ್ಟಿಯೇ ಆಗಬೇಕು ಎನ್ನುವವರು ಇನ್ನೊಂದು. ಸುಪೀರಿಯರ್ ಸರೋವರದ ದಂಡೆಯ ನಮ್ಮಂಥ ಊರುಗಳಲ್ಲಿ ಬೇಟೆಯ ಮೊದಲ ದಿನ ಶಾಲೆಗೂ ರಜೆ. ದೇಶವನ್ನು ಯಾರು ಆಳಬೇಕು ಎಂಬುದಕ್ಕಿಂತ ಜಿಂಕೆಗೆ ಏನು ರುಚಿ ಎಂಬುದಕ್ಕೇ ಇಲ್ಲಿ ಹೆಚ್ಚು ಜಗಳ.

ಕೊನೆಯ ಗಟ್ಟಿ ಸಿಕ್ಕಿದ್ದು ನನ್ನ ದೊಡ್ಡಪ್ಪನ ಮಗ ಆರ್ವೋಗೆ. ಇದು ಅವನ ಕತೆ... ಕತೆ ಎಂದೆನೇ? ತಪ್ಪಾಯಿತು. ನಡೆದದ್ದು.

ಆರ್ವೋನ ಹೆಂಡತಿ ಲೆಂಪಿ ಆ ಆಗಸ್ಟಿನಲ್ಲಿ ತೀರಿಕೊಂಡಿದ್ದಳು. ಅವರ ಸಂಸಾರದಲ್ಲಿ ಜಗಳ ಇದ್ದದ್ದು ಒಂದೇ. ಇವನು ಹಿತ್ತಲಾಚೆ ಬೀಟ್‌ರೂಟು, ಸೇಬು ಸುರಿದು, ಬಂದೂಕು ಹಿಡಿದು ಮರೆಗೂಡಿನಲ್ಲಿ ಕೂರುತ್ತಿದ್ದ. ಜಿಂಕೆ ಬಂದು ಕತ್ತು ಬಗ್ಗಿಸಿತು ಅನ್ನುವಾಗ ಅವಳು ಅಡುಗೆಮನೆ ಮೆಟ್ಟಿಲಿಗೆ ಬಂದು ಸೌಟಿನಿಂದ ತಪ್ಪಲೆ ಬಡಿಯುತ್ತಿದ್ದಳು. ತಪ್ಪಲೆಯ ಬದಿ ನೆಗ್ಗಿತ್ತು. ಹಾಗಾಗಿ ಟಣ್ ಎನ್ನುತ್ತಿರಲಿಲ್ಲ. ಟಕ್ಕ್... ಟಕ್ಕ್ ಟಕ್ಕ್. ಜಿಂಕೆ ಮಾಯ.

"ಇವತ್ತೂ ಬಡಿದೆಯೇನೇ?"

"ತೊಳೀತಿದ್ದೆ ಮಾರಾಯ. ಕೈ ತಪ್ಪಿತು."

"ಇಷ್ಟು ವರ್ಷದಿಂದ ಕೈ ತಪ್ತಾನೇ ಇದೆ ನಿಂದು."

"ನಿನ್ನನ್ನ ಕಟ್ಟಿಕೊಂಡಾಗಿಂದ ಶುರುವಾದ ಕಾಯಿಲೆ ಅದು."

ಅವಳು ಹೋದ ಮೇಲೆ ಆರ್ವೋ ಆ ತಪ್ಪಲೆಯನ್ನು ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಟ. ಬೇಸಿಗೆಗೆ ಬಂದಿದ್ದ ಯಾರೋ ಡೆಟ್ರಾಯಿಟಿನವರು ಕೊಂಡು ಕಾರಿನಲ್ಲಿಟ್ಟುಕೊಂಡು ಹೋದರು. ನಾನು ಕಣ್ಣಾರೆ ಕಂಡಿದ್ದೇನೆ.

ಬೇಟೆಯ ಮೊದಲ ದಿನ, ಮುಸ್ಸಂಜೆ. ಉಪ್ಪಿನ ಗಟ್ಟಿಗೆ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಬಂತು. ನಾಲಿಗೆ ಉಪ್ಪಿನ ಮೇಲೆ ಉಜ್ಜುವ ಸದ್ದು... ಸರ್ರ್... ಸರ್ರ್. ಆರ್ವೋ ಬಂದೂಕು ಎತ್ತಿದ. ಉಸಿರು ಹಿಡಿದ.

ಹಿಂದಿನಿಂದ, ಅಡುಗೆಮನೆ ಮೆಟ್ಟಿಲ ಕಡೆಯಿಂದ...

ಟಕ್ಕ್... ಟಕ್ಕ್ ಟಕ್ಕ್.

ಜಿಂಕೆ ಫ್ಫೂ ಎಂದು ಮೂಗಿನಲ್ಲಿ ಊದಿ ನೆಗೆದು ಹೋಯಿತು. ಮನೆ ಕತ್ತಲಾಗಿತ್ತು. ಬಾಗಿಲಿಗೆ ಬೀಗ.

ಆ ರಾತ್ರಿ ನಮ್ಮ ಮನೆಯ ಮೇಜಿನ ಮುಂದೆ ಕೂತು ಪಿಸುದನಿಯಲ್ಲಿ ಹೇಳಿದ. ಕಾಫಿ ಮುಟ್ಟಲಿಲ್ಲ.

"ಹೆದರಿಕೆ ಆಯ್ತಾ?"

"ಇಲ್ಲ ಕಣೋ... ಬೈಯೋಣ ಅಂತ ತಿರುಗಿದೆ. ಬೈಯೋಕೆ ಯಾರೂ ಇರಲಿಲ್ಲ."

ಮಾರನೆಯ ದಿನದಿಂದ ಬಂದೂಕು ಗೋಡೆಯ ಮೇಲೇ ಉಳಿಯಿತು. ಆದರೆ ತಿನಿಸು ಹಾಕುವುದು ನಿಲ್ಲಲಿಲ್ಲ. ಜಿಂಕೆ ಬಂದರೆ ಅವಳು ಬರುತ್ತಾಳೆ. ಲೆಕ್ಕ ಅಷ್ಟೇ. ಒಂದು ದಿನ ಕ್ಯಾರೆಟ್, ಒಂದು ದಿನ ಸೇಬು. ಉಪ್ಪನ್ನು ಮಣ್ಣಿಗೆ ಕಲಸಿಟ್ಟರೆ ಜಿಂಕೆ ಗೊರಸಿನಿಂದ ಕೆರೆದು ಮಣ್ಣನ್ನೇ ನೆಕ್ಕುತ್ತಾ ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗೂ ಮಾಡಿದ. ಬೆಳಿಗ್ಗೆ ನನಗೆ ಹವಾಮಾನದ ವರದಿ ಓದುವವನಂತೆ ಹೇಳುತ್ತಿದ್ದ: "ಕ್ಯಾರೆಟ್ಟಿಗೆ ಒಂದೇ ಸಲ ಬಡಿದಳು. ಬೀಟ್‌ರೂಟಿಗೆ ಚೆನ್ನಾಗಿ ಬೈದಳು."

ಒಂದು ಸಂಜೆ ನನ್ನನ್ನೂ ಮರೆಗೂಡಿನಲ್ಲಿ ಕೂರಿಸಿಕೊಂಡ. ಎರಡು ಹೆಣ್ಣು ಜಿಂಕೆ ಬೀಟ್‌ರೂಟನ್ನು ಕರಕ್ ಕರಕ್ ಎಂದು ಕಡಿಯುತ್ತಿದ್ದವು. ಆಮೇಲೆ...

"ಕೇಳಿಸ್ತಾ?"

"ಹ್ಞೂಂ."

"ಅವಳೇ ಅಲ್ವಾ?"

ಆ ತಪ್ಪಲೆಯ ಗಂಜಿ ಉಂಡವನು ನಾನು. ಅದರ ಸದ್ದು ನನಗೆ ಗೊತ್ತು.

ಜನವರಿಯಲ್ಲಿ ಹಿಮ ಸೊಂಟದವರೆಗೆ ಬಿತ್ತು. ಜಿಂಕೆಗಳು ಸೀಡರ್ ಮರಗಳ ಜೌಗಿನೊಳಗೆ ಸೇರಿಕೊಂಡು ಕಡ್ಡಿ ತಿಂದು ದಿನ ದೂಡತೊಡಗಿದವು. ಬೀಟ್‌ರೂಟು ಕಲ್ಲಾಗಿ ಹೆಪ್ಪುಗಟ್ಟಿತು. ಜಿಂಕೆ ಇಲ್ಲ. ಸದ್ದೂ ಇಲ್ಲ. ಆರ್ವೋ ಗಡ್ಡ ಬೋಳಿಸುವುದನ್ನು ಬಿಟ್ಟ. ಒಂದು ದಿನ ತೈಮಿಯ ಅಂಗಡಿಗೆ ಹೋಗಿ ಮೆಕ್ಕೆಜೋಳದ ಚೀಲಗಳನ್ನು ಕೇಳಿದ.

"ಜನವರಿಯಲ್ಲಿ ಜೋಳವಾ?" ಎಂದಳು ತೈಮಿ. "ಕಡ್ಡಿಗೆ ಒಗ್ಗಿದ ಹೊಟ್ಟೆ ಅವುಗಳದ್ದು. ಒಮ್ಮೆಗೇ ಜೋಳ ಬಿದ್ರೆ ಹುಳಿಯೇರಿ ಸಾಯ್ತವೆ. ನಿಂಗೆ ನಾನು ಹೇಳಿಕೊಡಬೇಕಾ?"

"ಕೋಳಿಗೆ."

"ನಿನ್ನ ಹತ್ರ ಕೋಳಿ ಎಲ್ಲಿದೆಯೋ?"

"ತರ್ತೀನಿ."

ಅವನಿಗೆ ಗೊತ್ತಿತ್ತು. ಇಲ್ಲಿ ಮಕ್ಕಳಿಗೂ ಗೊತ್ತು. ಸ್ವಲ್ಪ ಹಾಕಿದರೆ ಏನೂ ಆಗದು ಎಂದು ಇಲ್ಲಿ ಪ್ರತಿ ಚಳಿಗಾಲವೂ ಯಾರಾದರೊಬ್ಬರು ಅಂದುಕೊಳ್ಳುತ್ತಾರೆ. ಆ ವರ್ಷ ಅವನ ಸರದಿ.

ಜೋಳದ ವಾಸನೆಗೆ ಜಿಂಕೆಗಳು ಹಿಮ ಸೀಳಿಕೊಂಡು ಸಾಲಾಗಿ ಬಂದವು. ಆರ್ವೋ ಫೋನ್ ಮಾಡಿದ. ಫೋನನ್ನು ಮೆಟ್ಟಿಲ ಕಡೆ ಹಿಡಿದ. ಟಕ್ಕ್ ಟಕ್ಕ್ ಟಕ್ಕ್ ಟಕ್ಕ್... ಬಿಡುವೇ ಇಲ್ಲ.

"ಕೇಳು... ಎಷ್ಟು ಖುಷಿಯಾಗಿದ್ದಾಳೆ, ಕೇಳು." ಅಳುತ್ತಿದ್ದ.

ನನಗದು ಖುಷಿಯ ಸದ್ದು ಎನ್ನಿಸಲಿಲ್ಲ. ಜಿಂಕೆಗಳು ಮಾತ್ರ ಅಲ್ಲಾಡಲಿಲ್ಲವಂತೆ. ಅಷ್ಟು ಹಸಿವು. ಮರುದಿನ ಇನ್ನೂ ಹೆಚ್ಚು ಸುರಿದ.

ಮೂರನೆಯ ಬೆಳಿಗ್ಗೆ ಹಿತ್ತಲ ತುಂಬ ಜಿಂಕೆಗಳು ಸತ್ತು ಬಿದ್ದಿದ್ದವು. ಹೊಟ್ಟೆಗಳು ಗುಂಡಗೆ ಬಿಗಿದಿದ್ದವು. ವನ್ಯಜೀವಿ ಇಲಾಖೆಯವನು ಬಂದು ಒಂದರ ಹೊಟ್ಟೆ ಕೊಯ್ದು ತೋರಿಸಿದ. ಹಳದಿ ಕಾಳು, ಹಾಗೇ ಇತ್ತು.

"ಹಸಿದು ಸತ್ತದ್ದಲ್ಲ. ಉಂಡು ಸತ್ತದ್ದು," ಎಂದು ಕೈ ಒರೆಸಿಕೊಂಡ.

ಅವನು ಹೋದ ಮೇಲೆ ಆರ್ವೋ ಟೊಪ್ಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ನನ್ನ ಜೊತೆ ಮಾತಾಡ್ತಿದಾಳೆ ಅಂದ್ಕೊಂಡೆ," ಎಂದ. "ಅವುಗಳನ್ನ ಓಡಿಸ್ತಾ ಇದ್ದಳು ಕಣೋ..."

ಅವತ್ತಿನಿಂದ ಸದ್ದು ನಿಂತಿತು. ಹಿಮ ಕರಗುವವರೆಗೆ ಅವನು ದಿನಾ ಸಂಜೆ ಮೆಟ್ಟಿಲ ಮೇಲೆ ಕೂತ. ಏನೂ ಇಲ್ಲ.

ಮೇ ತಿಂಗಳಲ್ಲಿ ದಂಡೆಯ ಸೌನಾ ತೆರೆಯಲು ಹೋದೆವು. ಹಬೆಸ್ನಾನದ ಆ ಗುಡಿಸಲಿಗೆ ಲೆಂಪಿ ಸತ್ತ ವಾರ ಬೀಗ ಹಾಕಿದ್ದು. ಕೀಲಿ ಒಂದೇ, ಆರ್ವೋನ ಜೇಬಿನಲ್ಲಿ. ಒಳಗೆ ನೀರಿನ ಪೀಪಾಯಿಯ ಮೇಲೆ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಕಲ್ಲು ಇಳಿಸಿ ತೆಗೆದರೆ ಕಂಠದವರೆಗೆ ಆರ್ವೋ ಜಿಂಕೆಗಳಿಗೆ ಸುರಿದಿದ್ದ ಅದೇ ಮೆಕ್ಕೆಜೋಳ. ಮೇಲಿನ ಕಾಳುಗಳು ಕತ್ತಲಲ್ಲೇ ಬಿಳಿ ಮೊಳಕೆ ಬಿಟ್ಟಿದ್ದವು.

ಇಲಿಗಳ ಕೆಲಸ ಎಂದರು ಊರಿನವರು. ಇಲಿಗಳ ಬಗ್ಗೆ ನನಗೆ ತಕರಾರಿಲ್ಲ. ಆ ಕಲ್ಲನ್ನು ಇಳಿಸಲು ಮಾತ್ರ ನಾವಿಬ್ಬರೂ ಕೈ ಹಾಕಬೇಕಾಯಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಜೋಳ ಮೊಗೆದು ಹೊರಗೆ ಹಾಕಿದವನು ನಾನು. ಆಳವಾಗಿ ಗುಂಡಿ ತೋಡಿ ಹೂತೆವು.

ಆರ್ವೋನ ಹಿತ್ತಲಿಗೆ ಆಮೇಲೆ ಜಿಂಕೆ ಬಂದಿಲ್ಲ.