ಸೋದರಮಾವನ ತೊಡೆ

ಆಲ್ದೂರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಔಷಧಿ ಬರೆಸಲು ಕಾಯುತ್ತಿದ್ದ ಇಸ್ಮತ್‌ಳ ಪಕ್ಕ ಇಬ್ಬರು ವಾರಗಿತ್ತಿಯರು ಬಂದು ಕೂತರು. ಕಿರಿಯವಳ ಮಡಿಲಲ್ಲಿ ಎಂಟು ತಿಂಗಳ ಹೆಣ್ಣುಮಗು. ಇಸ್ಮತ್ ಕೆಮ್ಮನ್ನು ತಡೆದುಕೊಂಡು ಕಿವಿಗೊಟ್ಟಳು.

“ನನ್ ಮಗಳಿಗೆ ಮನೇಲೇ ಅಕ್ಕಸಾಲಿ ಕಿವಿ ಚುಚ್ಚಿದ್ದು. ತಿಂಗಳಿಡೀ ಕೀವು ಸೋರ್ತು,” ಎಂದಳು ಹಿರಿಯವಳು. “ನಿನ್ ಮಗಳಿಗೆ ಮಾತ್ರ ಡಾಕ್ಟ್ರು.”

“ಅತ್ತೆನೇ ಹೇಳಿದ್ದು ಅಕ್ಕ, ಹೊಸ ಸೂಜೀಲಿ ಚುಚ್ಚಿಸು ಅಂತ.”

“ನಂಗ್ಯಾಕೆ ಹೇಳ್ಲಿಲ್ಲ? ನನ್ ಮಗಳ ಕಿವಿ ನೋಡಿ ಬುದ್ಧಿ ಕಲ್ತಿದ್ದಾರೆ. ಅದು ನಿನ್ ಮಗಳಿಗೆ ಉಪಯೋಗಕ್ಕೆ ಬಂತು.”

“ಆದ್ರೂ ನಿಮ್ ಮಗಳು ಸೋದರಮಾವನ ತೊಡೆ ಮೇಲೆ ಕೂತು ಚುಚ್ಚಿಸ್ಕೊಂಡ್ಲು. ನಿಮ್ಮಣ್ಣ ಗೋಣಿಬೀಡಿಂದ ಹಿಂದಿನ ದಿನಾನೇ ಬಂದಿದ್ರು.”

“ನಿಮ್ಮಣ್ಣ ಬರಲ್ವಾ?”

“ಕಾಫಿ ಕುಯ್ಲು ಅಂತಾನೆ. ಹೋದ ತಿಂಗಳೂ ಏನೋ ನೆಪ ಹೇಳ್ದ. ನಿಮ್ಮನೆ ಗೋಡೇಲಿ ಅವಳು ಮಾವನ ತೊಡೆ ಮೇಲೆ ಕೂತಿರೋ ಆ ಫೋಟೋ ನೋಡಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ ಅಕ್ಕ.”

ಹಿರಿಯವಳ ಮುಖ ಆಗ ಮೊದಲ ಸಲ ಅರಳಿತು. ಅಷ್ಟರಲ್ಲಿ ನರ್ಸ್ ಕರೆದಳು.

“ಕೊಡು ಇಲ್ಲಿ,” ಎಂದು ಹಿರಿಯವಳೇ ಮಗುವನ್ನು ಎತ್ತಿಕೊಂಡಳು. “ನನ್ ತೊಡೆ ಮೇಲೆ ಕೂರಿಸ್ಕೋತೀನಿ. ಸೂಜಿ ಹೊಸದಾ ಅಂತಾನೂ ನಾನೇ ನೋಡ್ತೀನಿ.”

ಅವರು ಒಳಗೆ ಹೋದ ಮೇಲೆ, ಇಸ್ಮತ್ ಅಷ್ಟು ಹೊತ್ತು ತಡೆದಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದಳು.