ಕೈ ಬೀಸುವ ಸರದಿ

ಸರ್ಕಾರಿ ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ಗೋಡೆಯ ಮೇಲೆ ‘ವಿದ್ಯುತ್ ಉಳಿತಾಯದಲ್ಲಿ ನಮ್ಮ ರಾಜ್ಯವೇ ಮೊದಲು’ ಎಂಬ ಬೋರ್ಡು.

“ಅಮ್ಮನ ವಾರ್ಡಿಗೆ ಒಂದು ಕಿಟಕಿನೂ ಇಲ್ಲ. ಲೈಟ್ ಯಾಕಕ್ಕಾ ಆಗಾಗ ಆರಿಹೋಗುತ್ತೆ?”

“ಸರ್ಕಾರದ ಹೊಸ ಯೋಜನೆಯಂತೆ. ಯಾರೂ ಅಲ್ಲಾಡದಿದ್ರೆ ತಾನೇ ಆರುತ್ತೆ.”

“ಲಕ್ವ ಹೊಡೆದವರ ವಾರ್ಡಲ್ವಾ! ಅಲ್ಲಿ ಅಲ್ಲಾಡೋರು ಯಾರು?”

“ನಾವೇ. ಬಾಗಿಲ ಹತ್ರ ನಿಂತು ಕೈ ಬೀಸ್ತಿರಬೇಕು. ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಗಿದೆ.”

“ದೊಡ್ಡ ಡಾಕ್ಟರಿಗೆ ಹೇಳಬಾರದಾ?”

“ಹೋಗಿದ್ದೆ. ರೂಮಲ್ಲಿ ನರಪಿಳ್ಳೆ ಇಲ್ಲ, ಏಸಿ ಮಾತ್ರ ಗುಂಯ್ ಅಂತಿತ್ತು. ಸಾಹೇಬ್ರು ಕರೆಂಟ್ ಉಳಿಸಿದ್ದಕ್ಕೆ ಪ್ರಶಸ್ತಿ ತಗೊಳ್ಳೋಕೆ ಹೋಗಿದಾರಂತೆ.”

“ಥೂ! ಇವರ ಪ್ರಶಸ್ತಿಗಿಷ್ಟು ಬೆಂಕಿ ಹಾಕ.”

ಕೌಂಟರಿನಿಂದ ಮಾತ್ರೆ ಬಂತು. ಅಕ್ಕ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

“ನಡಿ ನಡಿ. ಅಮ್ಮ ಕತ್ತಲಲ್ಲಿ ಕಣ್ಣು ಬಿಟ್ಕೊಂಡು ಮಲಗಿರ್ತಾಳೆ. ಈಗ ಬೀಸೋ ಸರದಿ ನಿಂದು.”